ಆರನೇ ವರ್ಷದ ಆರನೇ ಹಲ್ಲು: ಕೂಲಿಕಾರರ ಮಕ್ಕಳ ಹಲ್ಲು ಹುಳುಕಾಗದಂತೆ ಶಾಲೆಯಲ್ಲೇ ಕಾಯುವ ಬಗೆ

ಒಂದನೇ ತರಗತಿಯ ಮಗುವನ್ನು ಅಂಗಳದ ಬೆಳಕಿಗೆ ಕರೆದು ಬಾಯಿ ತೆರೆಯಲು ಹೇಳಿ. ಕೆಳದವಡೆಯ ನಟ್ಟನಡುವಿನಿಂದ ಒಂದು ಪಕ್ಕಕ್ಕೆ ಹಲ್ಲುಗಳನ್ನು ಎಣಿಸುತ್ತ ಹೋಗಿ. ಎರಡು ಬಾಚಿಹಲ್ಲು, ಒಂದು ಕೋರೆಹಲ್ಲು, ಎರಡು ದವಡೆಹಲ್ಲು, ಅಲ್ಲಿಗೆ ಐದಾಯಿತು. ಮುಂಭಾಗದ ಹಲ್ಲು ಬಿದ್ದು ಸಂದಿಯಾಗಿದ್ದರೆ ಆ ಸಂದಿಯನ್ನೂ ಒಂದೆಂದು ಲೆಕ್ಕಕ್ಕೆ ಹಿಡಿಯಿರಿ. ಐದರ ಹಿಂದೆ, ವಸಡನ್ನು ಸೀಳಿಕೊಂಡು ಅರ್ಧ ಮುಖ ತೋರಿಸುತ್ತಿರುವ ಅಗಲವಾದ ಆರನೆಯದೊಂದು ಕಾಣಿಸಿದರೆ ಅಲ್ಲಿ ನಿಲ್ಲಿ. ಈ ಬರಹದಲ್ಲಿ ಹೇಳುವುದೆಲ್ಲ ಮುಖ್ಯವಾಗಿ ಆ ಹಲ್ಲನ್ನು ಉಳಿಸಿಕೊಳ್ಳುವುದಕ್ಕಾಗಿ.

ಅದು ಹಾಲುಹಲ್ಲಲ್ಲ. ಸುಮಾರು ಆರನೇ ವರ್ಷಕ್ಕೆ ಬಂದು ಮುಪ್ಪಿನವರೆಗೂ ಅನ್ನ ಅಗಿಯಬೇಕಾದ ಮೊದಲ ಶಾಶ್ವತ ದವಡೆಹಲ್ಲು. ಮೇಲೆ ಎರಡು, ಕೆಳಗೆ ಎರಡು, ಒಟ್ಟು ನಾಲ್ಕು ಬರುತ್ತವೆ. ಯಾವ ಹಲ್ಲೂ ಬೀಳದೆ, ಹಿಂದಿದ್ದ ಖಾಲಿ ಜಾಗದಲ್ಲಿ ಸದ್ದಿಲ್ಲದೆ ಹುಟ್ಟುವುದರಿಂದ ಅದು ಬಂದದ್ದೇ ಮನೆಯವರಿಗೆ ತಿಳಿಯುವುದಿಲ್ಲ. ಕಪ್ಪಾದರೂ ‘ಹೇಗೂ ಬಿದ್ದುಹೋಗುವ ಹಲ್ಲು’ ಎಂದು ಸುಮ್ಮನಿರುತ್ತಾರೆ. ಅದರ ತಲೆಯ ಮೇಲೆ ಆಳವಾದ ಗೀರುಗಳಿವೆ, ಬಿಸ್ಕತ್ತಿನ ಹಿಟ್ಟು ಹೊಕ್ಕರೆ ನಾಲಿಗೆಯಿಂದ ತೆಗೆಯಲು ಬರುವುದಿಲ್ಲ. ಮಕ್ಕಳ ಬಾಯಲ್ಲಿ ಎಲ್ಲಕ್ಕಿಂತ ಮೊದಲು ಹಾಳಾಗುವ ಶಾಶ್ವತ ಹಲ್ಲು ಸಾಮಾನ್ಯವಾಗಿ ಇದೇ.

ಹೊಸನಗರ ತಾಲ್ಲೂಕಿನ ಒಂದು ಸಣ್ಣ ಸರ್ಕಾರಿ ಶಾಲೆಯಲ್ಲಿ ನಾನು ಮೇಷ್ಟ್ರು. ನಮ್ಮಲ್ಲಿಗೆ ಬರುವವರು ಅಡಿಕೆ ತೋಟದ ಕೂಲಿಯವರ ಮಕ್ಕಳು, ಹಸಲರು ಎಂಬ ಬುಡಕಟ್ಟಿನವರ ಕೇರಿಯ ಮಕ್ಕಳು, ಶರಾವತಿಯ ಹಿನ್ನೀರಿನಲ್ಲಿ ಅಜ್ಜಂದಿರ ಕಾಲದ ಜಮೀನು ಕಳೆದುಕೊಂಡು ಬಂದ ಮನೆಗಳ ಮಕ್ಕಳು. ಕೆಲವು ವರ್ಷಗಳ ಹಿಂದೆ ಐದನೇ ತರಗತಿಯ ಹುಡುಗಿಯೊಬ್ಬಳು ಇದ್ದಕ್ಕಿದ್ದಂತೆ ಲೆಕ್ಕಕ್ಕೆ ಉತ್ತರ ಹೇಳುವುದನ್ನು ನಿಲ್ಲಿಸಿದಳು. ಕೆನ್ನೆಗೆ ಕೈ ಹಿಡಿದು ಕೂತಿರುತ್ತಿದ್ದಳು. ಬಿಸಿಯೂಟದ ಅನ್ನವನ್ನು ಒಂದೇ ಪಕ್ಕದಲ್ಲಿ ಅಗಿಯುತ್ತಿದ್ದಳು. ಕೊನೆಗೆ ಶಿವಮೊಗ್ಗದಲ್ಲಿ ಆ ಆರನೇ ಹಲ್ಲನ್ನು ಕೀಳಬೇಕಾಯಿತು. ಅವಳ ತಾಯಿಗೆ ಎರಡು ದಿನದ ಕೂಲಿ ಹೋಯಿತು, ಬಸ್ ಚಾರ್ಜು ಬೇರೆ. “ಹಾಲುಹಲ್ಲು ಎಂದುಕೊಂಡಿದ್ದೆ ಮೇಷ್ಟ್ರೇ, ಬಿದ್ದು ಹೊಸದು ಬರುತ್ತದೆ ಎಂದು ಕಾದೆ” ಎಂದರು ಆ ತಾಯಿ. ನನಗೂ ಆಗ ಅದು ಗೊತ್ತಿರಲಿಲ್ಲ. ಐದು ವರ್ಷ ದಿನವೂ ನನ್ನ ಕಣ್ಣೆದುರು ಕೂತ ಮಗುವಿನ ಬಾಯನ್ನು ನಾನು ಒಮ್ಮೆಯೂ ನೋಡಿರಲಿಲ್ಲ. ಅಂದಿನಿಂದ ಕಲಿತದ್ದನ್ನು ಬರೆಯುತ್ತಿದ್ದೇನೆ. ಶಿಕಾರಿಪುರದ ತಾಂಡಾದ ಶಾಲೆಯಾಗಲಿ, ಶಿವಮೊಗ್ಗದ ಹಕ್ಕಿಪಿಕ್ಕಿ ಕ್ಯಾಂಪಿನ ಮಕ್ಕಳು ಹೋಗುವ ಶಾಲೆಯಾಗಲಿ, ಆಗುಂಬೆ ಘಟ್ಟದ ಮೇಲಿನ ಶಾಲೆಯಾಗಲಿ, ಇದನ್ನು ಎಲ್ಲಿ ಬೇಕಾದರೂ ಮಾಡಬಹುದು.

ಹುಳವಿಲ್ಲ, ಹುಳಿ ಇದೆ

‘ಹುಳುಕು ಹಲ್ಲು’ ಎಂಬ ನಮ್ಮ ಮಾತಿನೊಳಗೇ ಹುಳ ಕೂತಿದೆ. ಹಾಗಾಗಿ ಹಲ್ಲಿನೊಳಗೆ ಹುಳ ಹೊಕ್ಕಿದೆ, ಹೊಗೆ ಹಾಕಿಸಿದರೆ ಉದುರುತ್ತದೆ ಎಂದು ನಂಬುವವರು ಇಂದಿಗೂ ಇದ್ದಾರೆ. ಅಲ್ಲಿ ಹುಳವಿಲ್ಲ. ಬಾಯಲ್ಲಿ ಸದಾ ಇರುವ ಸೂಕ್ಷ್ಮಾಣುಗಳು ಹಲ್ಲಿನ ಮೇಲೆ ಅಂಟಾದ ಪೊರೆ ಕಟ್ಟಿಕೊಂಡು ಬದುಕುತ್ತವೆ. ನಾವು ತಿಂದ ಸಿಹಿಯನ್ನೇ ಅವೂ ತಿಂದು ಹುಳಿ, ಅಂದರೆ ಆಮ್ಲ, ಬಿಡುತ್ತವೆ. ಆ ಜಾಗದ ಪಿಎಚ್ ಮಟ್ಟ (ಇದು ಇಳಿದಷ್ಟೂ ಹುಳಿ ಹೆಚ್ಚು) ಸುಮಾರು 5.5ಕ್ಕಿಂತ ಕೆಳಗಿಳಿದರೆ ಹಲ್ಲಿನ ಗಟ್ಟಿ ಹೊದಿಕೆಯಿಂದ ಖನಿಜ ಕರಗತೊಡಗುತ್ತದೆ. ಮತ್ತೆ ಜೊಲ್ಲು ಬಂದು ಹುಳಿಯನ್ನು ತೊಳೆದು, ಕರಗಿದ್ದನ್ನು ಸ್ವಲ್ಪ ಸ್ವಲ್ಪವೇ ತುಂಬುತ್ತದೆ. ಇದಕ್ಕೆ ಅರ್ಧ ಗಂಟೆಯಾದರೂ ಬೇಕು, ಕೆಲವೊಮ್ಮೆ ಒಂದು ಗಂಟೆಯೂ ಹಿಡಿಯುತ್ತದೆ. ಕರಗುವುದು ಹೆಚ್ಚಾಗಿ ತುಂಬುವುದು ಕಡಿಮೆಯಾದ ಹಲ್ಲು ಹುಳುಕಾಗುತ್ತದೆ.

ಈ ಒಂದು ಲೆಕ್ಕ ತಿಳಿದರೆ ಉಳಿದ ಕೆಲಸವೆಲ್ಲ ತಾನಾಗಿ ಅರ್ಥವಾಗುತ್ತದೆ. ಸಿಹಿ ತಿನ್ನುವ ಸಲಗಳನ್ನು ಕಡಿಮೆ ಮಾಡಬೇಕು, ಪೊರೆಯನ್ನು ಉಜ್ಜಿ ತೆಗೆಯಬೇಕು, ಖನಿಜ ಮರಳಿ ತುಂಬುವುದಕ್ಕೆ ಪೇಸ್ಟಿನಲ್ಲಿ ಬೆರೆಸುವ ಫ್ಲೋರೈಡಿನ ನೆರವು ಕೊಡಬೇಕು.

ಮೊದಲ ಹೆಜ್ಜೆ: ಜೂನ್ ತಿಂಗಳಲ್ಲಿ ಬಾಯಿ ನೋಡಿ, ಬರೆದಿಡಿ

ಶಾಲೆ ಶುರುವಾದ ಮೊದಲ ಎರಡು ವಾರದಲ್ಲಿ, ಮಳೆ ಬಿಟ್ಟ ಒಂದು ಬೆಳಿಗ್ಗೆ, ಇದನ್ನು ಮಾಡಿ ಮುಗಿಸಬೇಕು. ವೈದ್ಯರೇ ಬರಬೇಕೆಂದಿಲ್ಲ. ಕೈ ತೊಳೆದುಕೊಳ್ಳಿ. ಮಗುವನ್ನು ಬೆಳಕಿಗೆ ಮುಖ ಮಾಡಿ ಕೂರಿಸಿ, ಬೇಕಿದ್ದರೆ ಮೊಬೈಲಿನ ದೀಪ ಹಚ್ಚಿ. ಮಗುವಿನ ಬಾಯೊಳಗೆ ನಿಮ್ಮ ಬೆರಳು ಹಾಕುವ ಅಗತ್ಯವಿಲ್ಲ. ತನ್ನ ತುಟಿಯನ್ನು ತಾನೇ ಮೇಲೆತ್ತಿ, ಕೆನ್ನೆಯನ್ನು ತಾನೇ ಎಳೆದು ತೋರಿಸುವುದು ಮಕ್ಕಳಿಗೆ ಆಟವೇ.

ನೋಡಬೇಕಾದದ್ದು ನಾಲ್ಕು ಸಂಗತಿ. ವಸಡಿನ ಅಂಚಿನಲ್ಲಿ ಸುಣ್ಣ ಬಳಿದಂತೆ ಮಂಕು ಬಿಳಿ ಗೆರೆ ಇದೆಯೇ? ಇದು ಹುಳುಕಿನ ಮೊದಲ ಗುರುತು, ಈ ಹಂತದಲ್ಲಿ ಹಲ್ಲನ್ನು ಇನ್ನೂ ಸರಿಪಡಿಸಿಕೊಳ್ಳಬಹುದು. ಕಂದು ಅಥವಾ ಕಪ್ಪು ಗುಳಿ ಇದೆಯೇ? ವಸಡಿನ ಮೇಲೆ ಕೀವಿನ ಗುಳ್ಳೆ ಇದೆಯೇ? ಆರನೇ ಹಲ್ಲುಗಳು ನಾಲ್ಕರಲ್ಲಿ ಎಷ್ಟು ಬಂದಿವೆ?

ಒಂದು ನೋಟ್‌ಪುಸ್ತಕದಲ್ಲಿ ಮಗುವಿಗೊಂದು ಪುಟ ಇಡಿ. ಹೆಸರು, ವಯಸ್ಸು, ನಾಲ್ಕು ಮನೆಯ ಒಂದು ಸಣ್ಣ ಚೌಕ. ಆರನೇ ಹಲ್ಲು ಬಂದ ಕಡೆ ಮನೆಯಲ್ಲಿ ಸರಿ ಗುರುತು, ಗುಳಿಯಿದ್ದರೆ ಚುಕ್ಕೆ. ‘ರಾತ್ರಿ ನೋವಿನಿಂದ ಎಚ್ಚರವಾಗುತ್ತದೆಯೇ’ ಎಂದು ಕೇಳಿ ಅದನ್ನೂ ಬರೆಯಿರಿ. ಈ ಪುಸ್ತಕ ನಿಮ್ಮ ಮೇಜಿನೊಳಗಿರಲಿ, ತರಗತಿಯಲ್ಲಿ ಗಟ್ಟಿಯಾಗಿ ಓದಬೇಡಿ. ‘ಹುಳುಕಹಲ್ಲಿ’ ಎಂಬ ಅಡ್ಡಹೆಸರು ಒಮ್ಮೆ ಅಂಟಿದರೆ ಆ ಮಗು ಮತ್ತೆ ಬಾಯಿ ತೆರೆಯುವುದಿಲ್ಲ, ನಗುವುದಕ್ಕೂ ಕೈ ಅಡ್ಡ ಹಿಡಿಯುತ್ತದೆ.

ಎರಡನೆಯದು: ಶಿಬಿರವನ್ನು ನೆಚ್ಚಿಕೊಳ್ಳಬೇಡಿ, ಬ್ರಷ್ಷು ಶಾಲೆಯಲ್ಲಿಡಿ

ನಮ್ಮ ಶಾಲೆಯಲ್ಲಿ ಒಮ್ಮೆ ದಂತ ಆರೋಗ್ಯ ಶಿಬಿರ ನಡೆಯಿತು. ದೊಡ್ಡ ಗಾತ್ರದ ಹಲ್ಲಿನ ಮಾದರಿ ತೋರಿಸಿ ಉಜ್ಜುವುದನ್ನು ಹೇಳಿಕೊಟ್ಟರು, ಮಗುವಿಗೊಂದು ಬ್ರಷ್ಷು ಕೊಟ್ಟರು, ಫೋಟೊ ತೆಗೆದರು. ಬಂದವರ ಮನಸ್ಸು ಒಳ್ಳೆಯದೇ. ಎರಡು ತಿಂಗಳ ನಂತರ ಬ್ರಷ್ಷು ತನ್ನಿ ಎಂದಾಗ ಅರ್ಧದಷ್ಟು ಮಕ್ಕಳ ಬಳಿಯೂ ಇರಲಿಲ್ಲ. ಒಂದು ಮನೆಯಲ್ಲಿ ಮೂರು ಮಕ್ಕಳಿಗೆ ಒಂದೇ ಬ್ರಷ್ಷು ಉಳಿದಿತ್ತು. ಪೇಸ್ಟು ಮುಗಿದ ಮೇಲೆ ಇನ್ನೊಂದು ಕೊಳ್ಳಲು ಯಾರೂ ಸಂತೆಗೆ ಹೋಗಿರಲಿಲ್ಲ.

ಇದರಲ್ಲಿ ಪೋಷಕರ ತಪ್ಪು ಹುಡುಕುವುದನ್ನು ನಾನು ಒಪ್ಪುವುದಿಲ್ಲ. ಬೆಳಿಗ್ಗೆ ಏಳಕ್ಕೆ ತೋಟದಲ್ಲಿರಬೇಕಾದ ತಾಯಿ ಮಗುವಿನ ಎದುರು ಎರಡು ನಿಮಿಷ ನಿಂತು ಹಲ್ಲುಜ್ಜಿಸಲು ಹೇಗೆ ಸಾಧ್ಯ? ಏಳೆಂಟು ವರ್ಷದವರೆಗೆ ಮಗುವಿನ ಕೈಗೆ ಚೆನ್ನಾಗಿ ಉಜ್ಜುವಷ್ಟು ಹಿಡಿತ ಬಂದಿರುವುದಿಲ್ಲ, ದೊಡ್ಡವರ ಕಣ್ಣು ಬೇಕೇ ಬೇಕು. ಆ ಕಣ್ಣು ದಿನವೂ ತಪ್ಪದೆ ಇರುವುದು ಶಾಲೆಯಲ್ಲಿ. ಆದ್ದರಿಂದ ದಿನಕ್ಕೊಂದು ಸಲವಾದರೂ ಹಲ್ಲುಜ್ಜುವ ಕೆಲಸ ಶಾಲೆಯಲ್ಲೇ ಆಗಬೇಕು.

ಖರ್ಚಿನ ಲೆಕ್ಕ ಹೀಗಿದೆ. ಬಟಾಣಿ ಕಾಳಿನಷ್ಟು ಪೇಸ್ಟು ಎಂದರೆ ಸುಮಾರು ಕಾಲು ಗ್ರಾಂ. ಮೂವತ್ತು ಮಕ್ಕಳಿಗೆ ದಿನಕ್ಕೆ ಏಳೂವರೆ ಗ್ರಾಂ. ವರ್ಷಕ್ಕೆ 220 ಶಾಲಾ ದಿನ ಎಂದಿಟ್ಟುಕೊಂಡರೆ 1,650 ಗ್ರಾಂ, ಅಂದರೆ ನೂರು ಗ್ರಾಮಿನ ಹದಿನೇಳು ಟ್ಯೂಬು. ಬ್ರಷ್ಷನ್ನು ಮೂರು ನಾಲ್ಕು ತಿಂಗಳಿಗೊಮ್ಮೆ ಬದಲಿಸಬೇಕು, ಹಾಗಾಗಿ ಮಗುವಿಗೆ ವರ್ಷಕ್ಕೆ ಮೂರು. ಸಗಟು ಅಂಗಡಿಯಲ್ಲಿ ನಾವು ಕೊಂಡ ಬೆಲೆಯಲ್ಲಿ ಇಡೀ ವರ್ಷಕ್ಕೆ ಒಂದು ಮಗುವಿಗೆ ನೂರು ರೂಪಾಯಿ ದಾಟಲಿಲ್ಲ. ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಸಮಿತಿಯ, ಸಭೆಯಲ್ಲಿ ಈ ಲೆಕ್ಕವನ್ನು ಬಿಡಿಸಿ ಹೇಳಿದರೆ ಹಣ ಹುಟ್ಟುತ್ತದೆ. ನಮ್ಮಲ್ಲಿ ಹಳೆಯ ವಿದ್ಯಾರ್ಥಿಯೊಬ್ಬ ಮೊದಲ ವರ್ಷದ ಪೇಸ್ಟು ಕೊಡಿಸಿದ, ಎರಡನೆಯ ವರ್ಷ ಊರಿನ ಸೊಸೈಟಿ ಕೊಟ್ಟಿತು.

ಪೇಸ್ಟು ಕೊಳ್ಳುವಾಗ ಟ್ಯೂಬಿನ ಹಿಂದೆ ಓದಿ. ಫ್ಲೋರೈಡ್ ಇರಬೇಕು, ಅದರ ಪ್ರಮಾಣ 1000 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ ಸಾವಿರ ಭಾಗ) ಆಸುಪಾಸು ಇರಬೇಕು. ನಮ್ಮ ದೇಶದ ನಿಯಮದಂತೆ ಪೇಸ್ಟಿನಲ್ಲಿ ಅದಕ್ಕಿಂತ ಹೆಚ್ಚು ಇರುವಂತಿಲ್ಲ, ಎಷ್ಟಿದೆ ಎಂಬುದನ್ನು ಟ್ಯೂಬಿನ ಮೇಲೆ ಅಚ್ಚು ಹಾಕಲೇಬೇಕು. ಬಣ್ಣದ ಚಿತ್ರವಿರುವ ‘ಮಕ್ಕಳ ಪೇಸ್ಟು’ಗಳಲ್ಲಿ ಎಷ್ಟೋ ಬಾರಿ ಫ್ಲೋರೈಡ್ ಕಡಿಮೆ ಇರುತ್ತದೆ ಅಥವಾ ಇರುವುದೇ ಇಲ್ಲ. ಗಿಡಮೂಲಿಕೆಯ ಪೇಸ್ಟು, ಕೆಂಪು ಹಲ್ಲುಪುಡಿಗಳಲ್ಲೂ ಹಾಗೆಯೇ. ಉಮಿಕರಿ, ಇದ್ದಿಲು, ಮಾವಿನೆಲೆಯಲ್ಲಿ ಉಜ್ಜಿಕೊಂಡು ನಾವೆಲ್ಲ ಬೆಳೆದೆವು ನಿಜ. ಆದರೆ ನಮ್ಮ ಬಾಲ್ಯದಲ್ಲಿ ಐದು ರೂಪಾಯಿಯ ಸಿಹಿ ಪೊಟ್ಟಣಗಳು ದಾರಿಯುದ್ದಕ್ಕೂ ತೂಗುತ್ತಿರಲಿಲ್ಲ. ಉಮಿಕರಿಯಲ್ಲಿ ಫ್ಲೋರೈಡ್ ಇಲ್ಲ, ಜೋರಾಗಿ ತಿಕ್ಕಿದರೆ ಹಲ್ಲು ಸವೆಯುತ್ತದೆ. ತಂಬಾಕು ಬೆರೆಸಿದ ಹಲ್ಲುಪುಡಿಯನ್ನು 1992ರಲ್ಲೇ ದೇಶದಲ್ಲಿ ನಿಷೇಧಿಸಲಾಗಿದೆ. ಮನೆಯಲ್ಲಿ ಅಜ್ಜಿ ಕಡ್ಡಿಪುಡಿಯಲ್ಲಿ ಹಲ್ಲು ತಿಕ್ಕುತ್ತಿದ್ದರೆ ಅದು ಮಗುವಿನ ಬಾಯಿಗೆ ಹೋಗದಂತೆ ನೋಡಿಕೊಳ್ಳಿ.

ಫ್ಲೋರೈಡ್ ಎಂದರೆ ಕೆಲವರು ಹೆದರುತ್ತಾರೆ. ಪಾವಗಡ, ಮುಂಡರಗಿ ಕಡೆಯ ಕೊಳವೆಬಾವಿಗಳ ನೀರಿನಿಂದ ಹಲ್ಲು, ಮೂಳೆ ಹಾಳಾದದ್ದನ್ನು ಕೇಳಿದವರ ಹೆದರಿಕೆ ಅದು. ಅಲ್ಲಿ ತೊಂದರೆ ಕೊಟ್ಟದ್ದು ವರ್ಷಗಟ್ಟಲೆ ಕುಡಿದ ನೀರು. ಬಟಾಣಿ ಗಾತ್ರದ ಪೇಸ್ಟನ್ನು ಉಜ್ಜಿ ಉಗುಳುವುದು ಬೇರೆ ಮಾತು. ನಿಮ್ಮ ಶಾಲೆಯದೂ ಕೊಳವೆಬಾವಿಯ ನೀರಾಗಿದ್ದರೆ ಗ್ರಾಮ ಪಂಚಾಯಿತಿಯವರಿಂದ ಒಮ್ಮೆ ಪರೀಕ್ಷೆ ಮಾಡಿಸಿ. ಜಲ ಜೀವನ್ ಮಿಷನ್‌ನ ಪರೀಕ್ಷಾ ಕಿಟ್‌ನಲ್ಲಿ ಫ್ಲೋರೈಡನ್ನೂ ನೋಡುತ್ತಾರೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ್ದರೆ ಆ ನೀರು ಕುಡಿಯಲು ಯೋಗ್ಯವಲ್ಲ, ಮೊದಲು ಅದನ್ನು ಸರಿಪಡಿಸಬೇಕು.

ಮೂರನೆಯದು: ಬಿಸಿಯೂಟದ ನಂತರದ ಹತ್ತು ನಿಮಿಷ

ಊಟವಾದ ಕೂಡಲೇ ಬೇಡ. ತಟ್ಟೆ ತೊಳೆದು, ನೀರಿನಲ್ಲಿ ಬಾಯಿ ಮುಕ್ಕಳಿಸಿ, ಮಕ್ಕಳು ಅರ್ಧ ಗಂಟೆ ಆಡಿಕೊಂಡು ಬರಲಿ. ಮಧ್ಯಾಹ್ನದ ತರಗತಿಯ ಗಂಟೆ ಹೊಡೆಯುವ ಹತ್ತು ನಿಮಿಷ ಮುಂಚೆ ಹಲ್ಲುಜ್ಜುವ ಗಂಟೆ ಹೊಡೆಯಲಿ.

ಪೇಸ್ಟಿನ ಟ್ಯೂಬನ್ನು ಮಕ್ಕಳ ಕೈಗೆ ಕೊಡಬೇಡಿ, ಒಬ್ಬರ ಬ್ರಷ್ಷಿಗೆ ತಾಗಿದ ಟ್ಯೂಬಿನ ಬಾಯಿ ಇನ್ನೊಬ್ಬರ ಬ್ರಷ್ಷಿಗೆ ತಾಗಬಾರದು. ನಾವು ತೊಳೆದ ಬಾಳೆಯೆಲೆಯ ಮೇಲೆ ಬಟಾಣಿ ಗಾತ್ರದ ಬೊಟ್ಟುಗಳನ್ನು ಸಾಲಾಗಿ ಇಡುತ್ತೇವೆ. ಮಗು ಬಂದು ತನ್ನ ಬ್ರಷ್ಷಿನಿಂದ ಒಂದು ಬೊಟ್ಟನ್ನು ಒತ್ತಿ ತೆಗೆದುಕೊಂಡು ಹೋಗುತ್ತದೆ. ಬಾಳೆಯೆಲೆಗೆ ನಮ್ಮಲ್ಲಿ ಬರವಿಲ್ಲ. ಅಂಗನವಾಡಿಯ ಮೂರು ವರ್ಷದೊಳಗಿನ ಮಕ್ಕಳಿಗೆ ಅಕ್ಕಿಕಾಳಿನಷ್ಟು ಸಾಕು.

ಎಲ್ಲರೂ ಕಾಲುವೆಯ ಅಂಚಿಗೆ ಒಂದೇ ಸಾಲಾಗಿ ಕುಕ್ಕರಗಾಲಿನಲ್ಲಿ ಕೂರಲಿ. ಕೇರಿಗೊಂದು ಸಾಲು ತಾನಾಗಿಯೇ ಆಗುತ್ತಿದ್ದರೆ ಅದನ್ನು ಮೊದಲ ದಿನವೇ ಮುರಿಯಬೇಕು. ಹಾಜರಿ ಪುಸ್ತಕದ ಕ್ರಮದಲ್ಲಿ ಕೂರಿಸಿ, ಮೇಷ್ಟ್ರು ತಮ್ಮ ಬ್ರಷ್ಷು ಹಿಡಿದು ಸಾಲಿನ ನಡುವೆ ಕೂರಲಿ. ನಾನು ಕೂರುತ್ತೇನೆ.

ಉಜ್ಜುವುದು ಎರಡು ನಿಮಿಷ. ಮಕ್ಕಳಿಗೆ ಗಡಿಯಾರಕ್ಕಿಂತ ಪದ್ಯ ಒಳ್ಳೆಯದು. ಒಂದು ಮಗು ಪಠ್ಯದ ಪದ್ಯವನ್ನು ನಿಧಾನವಾಗಿ ಹೇಳಲಿ, ಉಳಿದವರು ಉಜ್ಜಲಿ. ಮೊದಲ ಚರಣಕ್ಕೆ ಹೊರಮೈ, ಮುಂದಿನದಕ್ಕೆ ಒಳಮೈ, ಕೊನೆಯದಕ್ಕೆ ಅಗಿಯುವ ಮೇಲ್ಮೈ. ಬ್ರಷ್ಷನ್ನು ವಸಡಿನ ಅಂಚಿಗೆ ಓರೆಯಾಗಿ ಇಟ್ಟು ಸಣ್ಣ ಸಣ್ಣ ಸುತ್ತು ಹಾಕುವುದು ಸಾಕು, ಕೊಡಪಾನ ತಿಕ್ಕುವಂತೆ ತಿಕ್ಕಬಾರದು.

ಇಲ್ಲಿ ಆರನೇ ಹಲ್ಲಿನ ಮಾತು ಮತ್ತೆ ಬರುತ್ತದೆ. ಅರ್ಧ ಹುಟ್ಟಿದ ಆ ಹಲ್ಲು ಮುಂದಿನ ಹಾಲುಹಲ್ಲುಗಳಿಗಿಂತ ತಗ್ಗಿನಲ್ಲಿರುತ್ತದೆ. ಬ್ರಷ್ಷನ್ನು ಎಂದಿನಂತೆ ಹಿಂದಕ್ಕೂ ಮುಂದಕ್ಕೂ ಆಡಿಸಿದರೆ ಕೂದಲು ಹಾಲುಹಲ್ಲಿನ ಮೇಲೆಯೇ ತೇಲಿ ಹೋಗುತ್ತದೆ, ಹಿಂದಿನದಕ್ಕೆ ತಾಗುವುದೇ ಇಲ್ಲ. ಪೂರ್ತಿ ಮೇಲೆ ಬರಲು ಅದಕ್ಕೆ ಒಂದು ವರ್ಷಕ್ಕೂ ಹೆಚ್ಚು ಹಿಡಿಯಬಹುದು. ಅಷ್ಟು ಕಾಲವೂ ಹೊಲಸು ಕೂತಿರುತ್ತದೆ. ಆದ್ದರಿಂದ ಬಾಯನ್ನು ಅರ್ಧ ಮುಚ್ಚಿಸಿ, ಕೆನ್ನೆಯ ಕಡೆಯಿಂದ ಬ್ರಷ್ಷನ್ನು ಅಡ್ಡಲಾಗಿ ಒಳಗೆ ತಂದು, ಆ ಒಂದು ಹಲ್ಲಿನ ತಲೆಯನ್ನು ಪ್ರತ್ಯೇಕವಾಗಿ ಹತ್ತು ಎಣಿಸುವವರೆಗೆ ಉಜ್ಜಿಸಿ. ನಾಲ್ಕು ಮೂಲೆಗೂ ಹತ್ತು ಹತ್ತು. ‘ಆರನೆಯದು’ ಎಂದು ನಾನು ಕೂಗಿದರೆ ಒಂದನೇ ತರಗತಿಯ ಮಕ್ಕಳು ಬ್ರಷ್ಷನ್ನು ಅಡ್ಡ ತಿರುಗಿಸುತ್ತಾರೆ. ಈ ಬರಹದಲ್ಲಿ ಒಂದನ್ನು ಮಾತ್ರ ಮಾಡಲು ನಿಮಗೆ ಸಾಧ್ಯವಿದ್ದರೆ ಇದನ್ನು ಮಾಡಿ.

ಉಜ್ಜಿದ ಮೇಲೆ ಉಗುಳಬೇಕು, ಮತ್ತೆ ಮತ್ತೆ ಮುಕ್ಕಳಿಸಬಾರದು. ಬಾಯಲ್ಲಿ ಸ್ವಲ್ಪ ಪೇಸ್ಟಿನ ರುಚಿ ಉಳಿಯಲಿ, ಫ್ಲೋರೈಡ್ ಕೆಲಸ ಮಾಡುವುದು ಹಾಗೆ ಉಳಿದಾಗಲೇ. ಬೇಸಿಗೆಯಲ್ಲಿ ಗುಡ್ಡದಿಂದ ಹರಿದು ಬರುವ ಅಬ್ಬಿ ನೀರು ಬತ್ತಿದ ಶಾಲೆಗಳಿಗೂ ಇದು ಅನುಕೂಲ, ಬ್ರಷ್ಷು ತೊಳೆಯಲು ಒಂದು ಲೋಟ ನೀರು ಸಾಕು.

ಮಳೆಗಾಲದ ಬ್ರಷ್ಷು

ನಮ್ಮ ಕಡೆ ಜುಲೈ ತಿಂಗಳಲ್ಲಿ ಒಣಹಾಕಿದ ಬಟ್ಟೆಯೇ ಮೂರು ದಿನಕ್ಕೆ ಒಣಗುವುದಿಲ್ಲ. ಪ್ಲಾಸ್ಟಿಕ್ ಡಬ್ಬಿಯಲ್ಲಿ ಬ್ರಷ್ಷುಗಳನ್ನು ಒಟ್ಟಿಗೆ ತುಂಬಿ ಮುಚ್ಚಳ ಹಾಕಿದರೆ ವಾರದೊಳಗೆ ಬೂಸ್ಟು ಹಿಡಿಯುತ್ತದೆ. ನಾವು ಮೊದಲ ವರ್ಷ ಈ ತಪ್ಪು ಮಾಡಿ ಎಲ್ಲವನ್ನೂ ಎಸೆಯಬೇಕಾಯಿತು. ಒಂದು ಹಲಗೆಗೆ ಮೂರು ಬೆರಳಿನ ಅಂತರದಲ್ಲಿ ತೂತು ಕೊರೆದು, ಬ್ರಷ್ಷಿನ ತಲೆ ಮೇಲಾಗಿ ನಿಲ್ಲುವಂತೆ ಮಾಡಿ. ಒಂದರ ತಲೆ ಇನ್ನೊಂದಕ್ಕೆ ತಾಗಬಾರದು. ಬಚ್ಚಲಿನಿಂದ ದೂರ, ಗಾಳಿಯಾಡುವ ಕಿಟಕಿಯ ಪಕ್ಕ ಇಟ್ಟು ಮೇಲೆ ತೆಳುವಾದ ಬಟ್ಟೆ ಹೊದಿಸಿ. ತೊಳೆದ ಮೇಲೆ ಜಾಡಿಸಿ ನೀರು ಹಾರಿಸುವುದನ್ನು ಕಲಿಸಿ. ಹೆಸರು ಓದಲು ಬಾರದ ಚಿಕ್ಕ ಮಕ್ಕಳಿಗೆ ಬಣ್ಣದ ಗುರುತು ಮಾಡಿ. ಚಟುವಟಿಕೆಯ ಮೂಲಕ ಕಲಿಯುವ ನಲಿಕಲಿ ತರಗತಿಯವರಿಗೆ ಚಿತ್ರದ ಚಿಹ್ನೆ ಗುರುತಿಸುವುದು ಅಭ್ಯಾಸವಾಗಿರುವುದರಿಂದ ಒಬ್ಬರಿಗೆ ನವಿಲು, ಒಬ್ಬರಿಗೆ ಮೀನು ಎಂದು ಅಂಟಿಸಿದರೆ ಬ್ರಷ್ಷು ಅದಲುಬದಲಾಗುವುದಿಲ್ಲ.

ನಾಲ್ಕನೆಯದು: ಸಿಹಿ ಎಷ್ಟು ಎನ್ನುವುದಕ್ಕಿಂತ ಎಷ್ಟು ಸಲ ಎಂದು ಕೇಳಿ

ಮೂರನೇ ತರಗತಿಯ ಮಕ್ಕಳಿಗೆ ಒಂದು ದಿನ ಈ ಲೆಕ್ಕ ಕೊಟ್ಟೆ: ನಿನ್ನೆ ಎಷ್ಟು ಸಲ ಸಿಹಿ ಬಾಯಿಗೆ ಹೋಯಿತು? ಒಬ್ಬ ಹುಡುಗ ಹೀಗೆ ಬರೆದಿದ್ದ. ಎದ್ದ ಕೂಡಲೇ ಚಹಾ ಮತ್ತು ಅದರಲ್ಲಿ ಅದ್ದಿದ ಬಿಸ್ಕತ್ತು. ಎಂಟು ಗಂಟೆಗೆ ಜೋನಿಬೆಲ್ಲ ಹಚ್ಚಿದ ದೋಸೆ. ಶಾಲೆಯ ದಾರಿಯಲ್ಲಿ ಚಾಕಲೇಟು. ಶಾಲೆಯಲ್ಲಿ ಹಾಲು. ಸಂಜೆ ಚಹಾ, ಬನ್ನು. ರಾತ್ರಿ ಅಪ್ಪ ತಂದ ಪೆಪ್ಪರಮಿಂಟು ಬಾಯಲ್ಲಿಟ್ಟುಕೊಂಡೇ ನಿದ್ದೆ. ಆರು ಸಲ. ಪ್ರತಿ ಸಲವೂ ಅರ್ಧ ಗಂಟೆ ಹುಳಿ ಎಂದರೆ ದಿನಕ್ಕೆ ಎರಡೂವರೆ ಗಂಟೆ ಅವನ ಹಲ್ಲು ಕರಗುತ್ತಿತ್ತು, ಪೆಪ್ಪರಮಿಂಟಿನ ರಾತ್ರಿಯನ್ನು ಬಿಟ್ಟು. ನಿದ್ದೆಯಲ್ಲಿ ಜೊಲ್ಲು ಕಡಿಮೆ ಸುರಿಯುವುದರಿಂದ ಹಲ್ಲಿಗೆ ರಾತ್ರಿಯ ಸಿಹಿಯಷ್ಟು ಕೆಟ್ಟದ್ದು ಇನ್ನೊಂದಿಲ್ಲ.

ಈ ಆರನ್ನು ಮೂರಕ್ಕೆ ಇಳಿಸುವುದು ಸಾಧ್ಯ. ಸಿಹಿ ತಿನ್ನುವುದಾದರೆ ಊಟ ತಿಂಡಿಯ ಜೊತೆಗೇ ತಿನ್ನಲಿ. ದೋಸೆಗೆ ಜೋನಿಬೆಲ್ಲ ಬೇಕಿದ್ದರೆ ಬೆಳಗಿನ ಚಹಾವನ್ನೂ ಅದೇ ಹೊತ್ತಿಗೆ ಕುಡಿಯಲಿ, ಎರಡು ಸಲ ಒಂದಾಗುತ್ತದೆ. ನಡುನಡುವೆ ಹಸಿವಾದರೆ ಶೇಂಗಾ, ಹುರಿಗಡಲೆ, ಸೌತೆಕಾಯಿ, ಪೇರಲೆ, ನೆಲ್ಲಿಕಾಯಿ. ಏಪ್ರಿಲ್, ಮೇ ತಿಂಗಳಲ್ಲಿ ಗುಡ್ಡದ ಮೇಲೆ ಕವಳಿ, ನೇರಳೆ ಇದ್ದೇ ಇವೆ. ಚಾಕಲೇಟಿಗಿಂತ ಬಿಸ್ಕತ್ತು ಮೇಲು ಎಂದು ತಿಳಿಯಬೇಡಿ. ಅದು ಹಲ್ಲಿನ ಗೀರಿನಲ್ಲಿ ಮೆತ್ತಿಕೊಂಡು ಹೆಚ್ಚು ಹೊತ್ತು ಕೂರುತ್ತದೆ.

‘ಬೆಲ್ಲ ಒಳ್ಳೆಯದಲ್ಲವೇ, ಜೇನು ಔಷಧವಲ್ಲವೇ’ ಎಂದು ತಾಯಂದಿರ ಸಭೆಯಲ್ಲಿ ಪ್ರತಿ ವರ್ಷ ಯಾರಾದರೂ ಕೇಳುತ್ತಾರೆ. ಹಲ್ಲಿನ ಮೇಲಿನ ಸೂಕ್ಷ್ಮಾಣುಗಳಿಗೆ ಸಕ್ಕರೆ, ಬೆಲ್ಲ, ಜೇನು ಎಲ್ಲವೂ ಒಂದೇ. ಹಾಗೆಂದು ಭೂಮಿ ಹುಣ್ಣಿಮೆಯ ಕಡುಬು ಪಾಯಸವನ್ನೋ ಆಲೆಮನೆಯ ಬಿಸಿ ಬೆಲ್ಲವನ್ನೋ ಮಗುವಿಗೆ ತಪ್ಪಿಸಬೇಕಿಲ್ಲ. ವರ್ಷಕ್ಕೆ ನಾಲ್ಕು ದಿನ ಹೊಟ್ಟೆ ತುಂಬ ತಿಂದ ಸಿಹಿಯಿಂದ ಹಲ್ಲು ಹಾಳಾಗುವುದಿಲ್ಲ, ದಿನವೂ ಐದಾರು ಸಲ ಚಪ್ಪರಿಸುವ ಚೂರುಪಾರು ಸಿಹಿಯಿಂದ ಹಾಳಾಗುತ್ತದೆ.

ಶಾಲೆಯ ಹಾಲಿನ ಬಗ್ಗೆಯೂ ಹೇಳಬೇಕು. 2013ರಲ್ಲಿ ಶುರುವಾದ ಕ್ಷೀರಭಾಗ್ಯ ನಮ್ಮ ಮಕ್ಕಳಿಗೆ ಸಿಗುವ ಒಳ್ಳೆಯ ಆಹಾರ, ಅದನ್ನು ಬಿಡಿಸುವ ಮಾತೇ ಇಲ್ಲ. ಹಾಲಿಗೆ ಸಕ್ಕರೆ ಬೆರೆಸುವಲ್ಲಿ ಕೈ ಸ್ವಲ್ಪ ಹಿಡಿದರೆ ಸಾಕು, ಕುಡಿದ ಮೇಲೆ ಒಂದು ಗುಟುಕು ನೀರಿನಲ್ಲಿ ಬಾಯಿ ಮುಕ್ಕಳಿಸಿದರೆ ಸಾಕು. ಗಂಟೆಗಟ್ಟಲೆ ಲೋಟ ಹಿಡಿದು ಗುಟುಕರಿಸುತ್ತ ಕೂರಬಾರದು.

ಶಾಲೆಯ ಎದುರಿನ ಅಂಗಡಿ ಇನ್ನೊಂದು ವಿಷಯ. 2020ರ ಆಹಾರ ಸುರಕ್ಷತಾ ನಿಯಮದಂತೆ ಶಾಲೆಯ ಆವರಣದಲ್ಲೂ ಸುತ್ತ ಐವತ್ತು ಮೀಟರಿನೊಳಗೂ ಸಕ್ಕರೆ, ಉಪ್ಪು, ಕೊಬ್ಬು ಅತಿಯಾಗಿರುವ ತಿನಿಸು ಮಾರುವಂತಿಲ್ಲ. ತಂಬಾಕಿನ ವಸ್ತುಗಳನ್ನು ನೂರು ಗಜದೊಳಗೆ ಮಾರುವಂತಿಲ್ಲ. ತಂಬಾಕಿನ ವಿಷಯದಲ್ಲಿ ಕಟ್ಟುನಿಟ್ಟಾಗಿರಿ. ಚಾಕಲೇಟಿನ ವಿಷಯದಲ್ಲಿ ನಾನು ಕಾನೂನು ತೋರಿಸಲು ಹೋಗಲಿಲ್ಲ. ಅಂಗಡಿ ಇಟ್ಟವರು ಗಂಡನನ್ನು ಕಳೆದುಕೊಂಡ ಹೆಂಗಸು, ಅವರ ಮೊಮ್ಮಗನೂ ನಮ್ಮ ಶಾಲೆಯವನೇ. “ಅಮ್ಮಾ, ಶಾಲೆ ಶುರುವಾಗುವ ಮುಂಚೆ ಮತ್ತು ಊಟದ ಬಿಡುವಿನಲ್ಲಿ ಇವುಗಳ ಬದಲು ಶೇಂಗಾ, ಬಾಳೆಹಣ್ಣು ಇಡುತ್ತೀರಾ?” ಎಂದು ಕೇಳಿದೆ. ಇಟ್ಟರು. ಅವರ ವ್ಯಾಪಾರ ನಿಲ್ಲಲಿಲ್ಲ.

ಅಡಿಕೆಯ ಮಾತನ್ನೂ ಮಲೆನಾಡಿನಲ್ಲಿ ಕೂತು ಬರೆಯುವಾಗ ತಪ್ಪಿಸುವಂತಿಲ್ಲ. ಅಡಿಕೆ ನಮ್ಮೆಲ್ಲರ ಅನ್ನ. ಆದರೆ ಸುಲಿಯುವ ಚಪ್ಪರದಲ್ಲಿ ಆಡುವ ಮಕ್ಕಳು ಚೂರು ಬಾಯಿಗೆ ಹಾಕಿಕೊಂಡು ಅಭ್ಯಾಸ ಮಾಡಿಕೊಳ್ಳುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 2004ರಲ್ಲಿ ಅಡಿಕೆ ಜಗಿಯುವುದನ್ನು ಕ್ಯಾನ್ಸರಿಗೆ ಕಾರಣವಾಗುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಬಾಯಿ ಬಿಗಿದು ತೆರೆಯಲಾಗದಂತೆ ಆಗುವ ರೋಗಕ್ಕೂ ಅದು ಕಾರಣ. ಮಕ್ಕಳ ಬಾಯಿಗೆ ಅದು ಬೇಡ ಎಂದು ಮನೆಯಲ್ಲಿ ಹೇಳಲು ಹಿಂಜರಿಯಬೇಡಿ.

ಐದನೆಯದು: ರಾತ್ರಿಯ ಉಜ್ಜುವಿಕೆ ಅಕ್ಕನ ಕೈಗೆ

ಶಾಲೆಯಲ್ಲಿ ಒಂದು ಸಲವಾಯಿತು, ಇನ್ನೊಂದು ಸಲ ಮನೆಯಲ್ಲಿ, ರಾತ್ರಿ. ನವೆಂಬರಿನಿಂದ ಅಡಿಕೆ ಗೊನೆಯ ಕೊಯ್ಲು ಶುರುವಾದರೆ ಅಡಿಕೆ ಸುಲಿಯಲು ಹೋದ ತಾಯಂದಿರು ರಾತ್ರಿ ಹತ್ತು ಹನ್ನೊಂದಕ್ಕೆ ಮರಳುತ್ತಾರೆ. ಮಕ್ಕಳು ಅಲ್ಲೇ ಗೋಣಿಯ ಮೇಲೆ ಮಲಗಿರುತ್ತಾರೆ. ಆ ಹೊತ್ತಿನಲ್ಲಿ ಹಲ್ಲುಜ್ಜಿಸಿ ಎಂದು ಯಾರಿಗೂ ಹೇಳಲಾಗದು. ನಾವು ಈ ಕೆಲಸವನ್ನು ಮನೆಯ ದೊಡ್ಡ ಮಕ್ಕಳಿಗೆ ವಹಿಸಿದೆವು. ನಾಲ್ಕು, ಐದನೇ ತರಗತಿಯ ಅಕ್ಕ ಅಥವಾ ಅಣ್ಣ ರಾತ್ರಿಯ ಊಟವಾದ ಮೇಲೆ, ಮನೆಯಿಂದ ಹೊರಡುವ ಮೊದಲು, ತಮ್ಮ ತಂಗಿಯರ ಹಲ್ಲು ಉಜ್ಜಿಸಬೇಕು. ಆ ಮೇಲೆ ನೀರು ಬಿಟ್ಟು ಬೇರೇನೂ ಬಾಯಿಗೆ ಹೋಗಬಾರದು. ಬೆಳಿಗ್ಗೆ ಪ್ರಾರ್ಥನೆಯ ನಂತರ ‘ನಿನ್ನೆ ರಾತ್ರಿ ಉಜ್ಜಿಸಿದವರು?’ ಎಂದು ಕೇಳುತ್ತೇನೆ. ಮರೆತವರನ್ನು ಬೈಯುವುದಿಲ್ಲ. ದಸರಾ ರಜೆ, ಬೇಸಿಗೆ ರಜೆ, ಮಳೆಯ ರಜೆಗಳಿಗೆ ಬ್ರಷ್ಷು ಮತ್ತು ಸಣ್ಣ ಪೇಸ್ಟಿನ ಟ್ಯೂಬನ್ನು ಮನೆಗೆ ಕಳುಹಿಸುತ್ತೇವೆ.

ಆರನೆಯದು: ವೈದ್ಯರ ಬಳಿ ಕೇಳಿ ಪಡೆಯಬೇಕಾದದ್ದು

2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಸಂಚಾರಿ ವೈದ್ಯ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಬಾರಿ, ಸರ್ಕಾರಿ ಶಾಲೆಗೆ ಒಂದು ಬಾರಿ ಬರಬೇಕು. ಹದಿನೆಂಟು ವರ್ಷದವರೆಗಿನ ಮಕ್ಕಳ ತಪಾಸಣೆಯಲ್ಲಿ ಹಲ್ಲಿನ ತೊಂದರೆಯೂ ಸೇರಿದೆ, ಮುಂದಿನ ಚಿಕಿತ್ಸೆ ಉಚಿತ. ತಂಡಕ್ಕೆ ಒಂದೇ ದಿನದಲ್ಲಿ ಕಣ್ಣು, ಕಿವಿ, ರಕ್ತಹೀನತೆ ಎಲ್ಲವನ್ನೂ ನೋಡಬೇಕಾಗುತ್ತದೆ. ಆಗ ನಿಮ್ಮ ನೋಟ್‌ಪುಸ್ತಕ ತೆಗೆದು ಗುಳಿಯಿರುವ ಮಕ್ಕಳ ಪುಟಗಳನ್ನು ತೋರಿಸಿ. ಶಿಫಾರಸು ಚೀಟಿಯನ್ನು ಅಂದೇ ಬರೆಸಿಕೊಳ್ಳಿ.

ತಾಲ್ಲೂಕು ಆಸ್ಪತ್ರೆಗೆ ಹೋಗುವ ಮುನ್ನ ದಂತ ವೈದ್ಯರು ಆ ದಿನ ಇದ್ದಾರೆಯೇ ಎಂದು ಫೋನ್ ಮಾಡಿ ಕೇಳಿ. ಬಸ್ಸಿಳಿದ ಮೇಲೆ ಇಲ್ಲವೆಂದು ತಿಳಿದರೆ ಒಂದು ದಿನದ ಕೂಲಿ ಹೋದಂತೆ, ಆ ತಾಯಿ ಮತ್ತೊಮ್ಮೆ ಬರುವುದಿಲ್ಲ. ಐದಾರು ಮಕ್ಕಳನ್ನು ಒಟ್ಟಿಗೆ ಸೇರಿಸಿ, ಆಶಾ ಕಾರ್ಯಕರ್ತೆ ಮತ್ತು ಒಬ್ಬರು ಪೋಷಕರ ಜೊತೆ ಕಳುಹಿಸುವುದು ನಮಗೆ ಸರಿಹೋಯಿತು. ದೊಡ್ಡ ಚಿಕಿತ್ಸೆಗೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ ಇದೆ, ನಗರದಲ್ಲಿ ದಂತ ವೈದ್ಯಕೀಯ ಕಾಲೇಜೂ ಇದೆ.

ಅಲ್ಲಿ ಏನು ಕೇಳಬೇಕೆಂದು ತಿಳಿದಿರಲಿ. ಆರನೇ ಹಲ್ಲು ಪೂರ್ತಿ ಹುಟ್ಟಿದ್ದು ಗುಳಿ ಬಿದ್ದಿರದಿದ್ದರೆ ಅದರ ಗೀರುಗಳನ್ನು ಸೀಲಂಟ್ ಎಂಬ ತೆಳುವಾದ ಲೇಪದಿಂದ ಮುಚ್ಚಬಹುದು. ಕೊರೆಯುವುದಿಲ್ಲ, ಸೂಜಿಯಿಲ್ಲ. ಬಿಳಿ ಗೆರೆ ಕಂಡ ಮಕ್ಕಳಿಗೆ ಫ್ಲೋರೈಡ್ ವಾರ್ನಿಷ್ ಎಂಬ ಲೇಪ ಹಚ್ಚಬಹುದು, ವರ್ಷಕ್ಕೆ ಎರಡು ಸಲವಾದರೂ ಹಚ್ಚಿಸಬೇಕು. ಹುಳುಕಾದ ಹಾಲುಹಲ್ಲನ್ನು ಕೊರೆಯದೆ ಅಲ್ಲಿಗೇ ತಡೆಯುವ ಸಿಲ್ವರ್ ಡೈಅಮೈನ್ ಫ್ಲೋರೈಡ್ ಎಂಬ ದ್ರವವೂ ಇದೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಇದನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಹಚ್ಚಿದ ಜಾಗ ಶಾಶ್ವತವಾಗಿ ಕಪ್ಪಾಗುತ್ತದೆ ಎಂಬುದನ್ನು ಮಾತ್ರ ಮನೆಯವರಿಗೆ ಮೊದಲೇ ಹೇಳಿ ಒಪ್ಪಿಗೆ ಪಡೆಯಬೇಕು. ಇವೆಲ್ಲ ಎಲ್ಲ ಆಸ್ಪತ್ರೆಯಲ್ಲೂ ಸಿಗದಿರಬಹುದು. ಆದರೂ ಹೆಸರು ಹಿಡಿದು ಕೇಳಿ.

ಹಾಲುಹಲ್ಲಿನ ಗುಳಿಯನ್ನೂ ತುಂಬಿಸಬೇಕು. ಹಿಂದಿನ ಹಾಲುಹಲ್ಲುಗಳು ಹತ್ತು ಹನ್ನೆರಡು ವರ್ಷದವರೆಗೆ ಇರಬೇಕಾದವು. ಬೇಗ ಕಿತ್ತರೆ ಆರನೇ ಹಲ್ಲು ಮುಂದಕ್ಕೆ ಸರಿದು, ಹೊಸ ಹಲ್ಲಿಗೆ ಜಾಗವಿಲ್ಲದೆ ವಕ್ರವಾಗಿ ಹುಟ್ಟುತ್ತದೆ.

ನೋವು ಬಂದ ದಿನ

ನೋಯುವ ಹಲ್ಲಿಗೆ ಕಡ್ಡಿಪುಡಿ, ಸುಣ್ಣ, ಜಜ್ಜಿದ ಮಾತ್ರೆ ಇಡಬಾರದು, ವಸಡು ಸುಟ್ಟು ಹುಣ್ಣಾಗುತ್ತದೆ. ಉಗುರುಬೆಚ್ಚಗಿನ ಉಪ್ಪುನೀರಿನಲ್ಲಿ ಮುಕ್ಕಳಿಸಲಿ. ನೋವಿನ ಮಾತ್ರೆಯನ್ನು ಮಗುವಿನ ತೂಕಕ್ಕೆ ತಕ್ಕಂತೆ ಆರೋಗ್ಯ ಕೇಂದ್ರದವರನ್ನು ಕೇಳಿಯೇ ಕೊಡಿ. ಮಾತ್ರೆಯಿಂದ ನೋವು ಹೋಯಿತೆಂದು ಸುಮ್ಮನಾಗಬೇಡಿ. ಕೆನ್ನೆ ಅಥವಾ ದವಡೆಯ ಕೆಳಭಾಗ ಬಾತುಕೊಂಡು ಜ್ವರ ಬಂದರೆ, ಕಣ್ಣು ಮುಚ್ಚುವಷ್ಟು ಊತವಿದ್ದರೆ, ನುಂಗಲು ಅಥವಾ ಬಾಯಿ ತೆರೆಯಲು ಆಗದಿದ್ದರೆ ನಾಳೆಗೆ ಕಾಯದೆ 108ಕ್ಕೆ ಕರೆ ಮಾಡಿ. ಹಲ್ಲಿನ ಕೀವು ಕುತ್ತಿಗೆಗೆ ಇಳಿದರೆ ಜೀವಕ್ಕೇ ಅಪಾಯ.

ಮಗು ಬೇರೆ ಶಾಲೆಗೆ ಹೋಗುವಾಗ

ಕಿರಿಯ ಪ್ರಾಥಮಿಕ ಮುಗಿಸಿದ ಮಗುವಿಗೆ ವರ್ಗಾವಣೆ ಪತ್ರ ಕೊಡುವ ದಿನ ನೋಟ್‌ಪುಸ್ತಕದ ಆ ಪುಟದ ಒಂದು ಪ್ರತಿಯನ್ನೂ ಜೊತೆಗೆ ಕೊಡಿ. ನಾಲ್ಕು ಆರನೇ ಹಲ್ಲುಗಳ ಸ್ಥಿತಿ, ತುಂಬಿಸಿದ್ದು, ಬಾಕಿ ಇದ್ದದ್ದು ಎಲ್ಲ ಅದರಲ್ಲಿರಲಿ. ಕೆಳಗೆ ಹೊಸ ಶಾಲೆಯ ಮೇಷ್ಟ್ರಿಗೆ ಒಂದು ಸಾಲು ಬರೆಯಿರಿ: ಹನ್ನೆರಡನೇ ವರ್ಷದ ಸುಮಾರಿಗೆ ಆರನೆಯದರ ಹಿಂದೆ ಏಳನೆಯದು ಹುಟ್ಟುತ್ತದೆ, ಅದೂ ಸದ್ದಿಲ್ಲದೆಯೇ, ದಯವಿಟ್ಟು ಎಣಿಸಿ ನೋಡಿ.